ಬ್ರೇಯರ್ ಕುದುರೆಗೆ ಡ್ಯಾಪಲ್ ಗ್ರೇ ಬಣ್ಣ ಹಾಕಿದರೆ ಚುಕ್ಕೆ ಇಟ್ಟ ಆಟಿಕೆಯಂತೆ ಕಾಣುವುದೇಕೆ?

ಬ್ರೇಯರ್ ಕಂಪನಿಯ ಪ್ಲಾಸ್ಟಿಕ್ ಮಾದರಿ ಕುದುರೆಗೆ ಕಡುಬೂದು ಬಳಿದು, ಅದರ ಮೇಲೆ ಬಿಳಿ ಅಕ್ರಿಲಿಕ್‌ನಲ್ಲಿ ದುಂಡು ಚುಕ್ಕೆ ಇಟ್ಟಿದ್ದೇನೆ ಎಂದು ಬರೆದಿದ್ದೀರಿ. ಎಡವಟ್ಟು ಅಲ್ಲೇ ಆಗಿರುವುದು. ಡ್ಯಾಪಲ್ ಎಂದರೆ ಕಪ್ಪಿನ ಮೇಲಿನ ಬಿಳಿ ಚುಕ್ಕೆಯಲ್ಲ, ತಿಳಿ ಮೈಮೇಲೆ ಹರಡಿದ ಕಡುಬಣ್ಣದ ಬಲೆ. ಬಲೆಯ ಕಣ್ಣುಗಳೇ ನಮಗೆ ಚುಕ್ಕೆಗಳಾಗಿ ಕಾಣುತ್ತವೆ. ಹಾಗಾಗಿ ಕೆಲಸ ತಿಳಿಯಿಂದ ಕಡುವಿಗೆ ಸಾಗಬೇಕು.

ಬಿಳಿ ಪ್ರೈಮರ್ (ತಳಬಣ್ಣ) ಮೇಲೆ ಒಣ ಸಾಫ್ಟ್ ಪೇಸ್ಟಲ್, ಅಂದರೆ ಸೀಮೆಸುಣ್ಣದಂಥ ಬಣ್ಣದ ಕಡ್ಡಿ, ಬಳಸಿ. ಆಯಿಲ್ ಪೇಸ್ಟಲ್ ಬೇಡವೇ ಬೇಡ, ಅದು ಒಣಗುವುದಿಲ್ಲ. ಕಡ್ಡಿಯನ್ನು ಬ್ಲೇಡಿನಿಂದ ಕೆರೆದು ಪುಡಿ ಮಾಡಿ, ಸಣ್ಣ ಬ್ರಷ್‌ನಲ್ಲಿ ಚುಕ್ಕೆಯ ಜಾಗ ಬಿಟ್ಟು ಸುತ್ತಲೂ ಉಜ್ಜಿ. ಬರೀ ಕಪ್ಪು-ಬಿಳಿ ಬೆರೆಸಿದ ಬೂದು ನೀಲಿಗೆ ತಿರುಗುತ್ತದೆ. ಚಿಟಿಕೆ ರಾ ಅಂಬರ್ (ಮಣ್ಣಿನ ಕಂದು ಬಣ್ಣ) ಸೇರಿಸಿ. ಒಂದು ಪದರ ಆದ ಮೇಲೆ 25–30 ಸೆಂ.ಮೀ. ದೂರದಿಂದ ತೆಳುವಾಗಿ ಮ್ಯಾಟ್ (ಹೊಳಪಿಲ್ಲದ) ವಾರ್ನಿಶ್ ಸ್ಪ್ರೇ ಮಾಡಿ, ಒಣಗಿದ ಮೇಲೆ ಮುಂದಿನ ಪದರ. ಆರೇಳು ಪದರವಾದರೂ ಬೇಕು. ಸ್ಪ್ರೇ ತಾಗಿದೊಡನೆ ಬಿಳಿ ಪೇಸ್ಟಲ್ ಬಹುಪಾಲು ಮಾಯವಾಗುತ್ತದೆ, ಆದ್ದರಿಂದ ಕಪ್ಪಾದ ಜಾಗವನ್ನು ಆಮೇಲೆ ಬೆಳ್ಳಗೆ ಮಾಡಿಕೊಳ್ಳೋಣ ಎಂಬ ಲೆಕ್ಕಾಚಾರ ನಡೆಯದು. ಮಳೆಗಾಲದ ಥಂಡಿ ಗಾಳಿಯಲ್ಲಿ ಸ್ಪ್ರೇ ಮಾಡಿದರೆ ಮೈಮೇಲೆ ಹಾಲಿನಂಥ ಮಬ್ಬು ಕೂರುತ್ತದೆ; ಒಣ ಬಿಸಿಲಿನ ದಿನಕ್ಕೆ ಕಾಯಿರಿ.

ಅಳತೆಯೂ ನೋಡಿಕೊಳ್ಳಬೇಕು. ಬ್ರೇಯರ್ ಟ್ರೆಡಿಷನಲ್ ಸರಣಿ ಸುಮಾರು 1:9, ಅಂದರೆ ನಿಜವಾದ ಕುದುರೆಯ ಒಂಬತ್ತನೇ ಒಂದರಷ್ಟು. ನಿಜವಾದ ಕುದುರೆಯ ಮೇಲೆ ಮೂರ್ನಾಲ್ಕು ಸೆಂ.ಮೀ. ಇರುವ ಡ್ಯಾಪಲ್ ಇಲ್ಲಿ ಮೂರ್ನಾಲ್ಕು ಮಿ.ಮೀ. ಮಾತ್ರ. ಎಲ್ಲವೂ ಒಂದೇ ಗಾತ್ರ, ಒಂದೇ ಅಂತರದಲ್ಲಿದ್ದರೆ ಮುಗಿಯಿತು, ಸೀರೆಯ ಬುಟ್ಟಾ ಆಗಿಬಿಡುತ್ತದೆ. ಪಕ್ಕೆ ಮತ್ತು ಹಿಂಭಾಗದಲ್ಲಿ ಸ್ಪಷ್ಟವಾಗಿರಲಿ, ಭುಜ-ಕತ್ತಿನ ಕಡೆ ಮಸುಕಾಗಲಿ. ಗ್ರೇ ಕುದುರೆ ವಯಸ್ಸಾದಂತೆ ಬೆಳ್ಳಗಾಗುತ್ತ ಹೋಗುತ್ತದೆ: ಮುಖ ಮೊದಲು ಬಿಳುಚುತ್ತದೆ. ಮೊಣಕಾಲು, ಹಿಂಗಾಲಿನ ಕೀಲು ಕೊನೆಯವರೆಗೂ ಕಪ್ಪಾಗಿ ಉಳಿಯುತ್ತವೆ. ಒಂದೇ ಕುದುರೆಯ, ಒಂದೇ ವಯಸ್ಸಿನ ಫೋಟೊಗಳನ್ನು ಎದುರಿಗಿಟ್ಟುಕೊಳ್ಳಿ. ನಾಲ್ಕು ಕುದುರೆಗಳಿಂದ ಒಂದೊಂದು ಭಾಗ ತೆಗೆದುಕೊಂಡರೆ ಬಲ್ಲವರಿಗೆ ತಕ್ಷಣ ಗೊತ್ತಾಗುತ್ತದೆ.

ಮೂತಿಗೆ ಗುಲಾಬಿ ಬಳಿಯುವುದು ಬಹಳ ಜನ ಮಾಡುವ ತಪ್ಪು. ಗ್ರೇ ಕುದುರೆಯ ಕೂದಲು ಬೆಳ್ಳಗಾದರೂ ಚರ್ಮ ಕಪ್ಪೇ. ಮೂತಿ, ಕಣ್ಣಿನ ಸುತ್ತ, ತೊಡೆಸಂದಿ ಇವೆಲ್ಲ ಕಡುಬೂದು. ಹುಟ್ಟಿನಿಂದ ಬಿಳಿ ಮಚ್ಚೆ ಇದ್ದ ಕಡೆ ಮಾತ್ರ ಗುಲಾಬಿ ಬರುತ್ತದೆ. ಗೊರಸಿಗೂ ಇದೇ ಲೆಕ್ಕ: ಕಾಲಿನ ಬಿಳಿ ಗೊರಸಿನ ಅಂಚಿಗೆ ತಾಗಿದ್ದರೆ ಗೊರಸು ತಿಳಿ ಕಂದು, ಇಲ್ಲದಿದ್ದರೆ ಕಡು. ಕಣ್ಣಿಗೆ ಕಡುಕಂದು, ಅದರೊಳಗೆ ಅಡ್ಡಡ್ಡವಾದ ಕಪ್ಪು ಪಾಪೆ. ಗ್ಲಾಸಿ (ಹೊಳಪಿನ) ವಾರ್ನಿಶ್ ಕಣ್ಣಿಗಷ್ಟೇ. ಮೈಯೆಲ್ಲ ಮ್ಯಾಟ್ ಇರಲಿ.

ಈಗ ಕೈಯಲ್ಲಿರುವುದನ್ನು ಎಸೆಯಬೇಕಾಗಿಲ್ಲ. ಬಣ್ಣ ತೆಗೆಯಲು ನೇಲ್ ಪಾಲಿಶ್ ರಿಮೂವರ್ ಮಾತ್ರ ಮುಟ್ಟಬೇಡಿ: ಬ್ರೇಯರ್ ಟ್ರೆಡಿಷನಲ್ ಮೈ ಸೆಲ್ಯುಲೋಸ್ ಅಸಿಟೇಟ್ ಎಂಬ ಪ್ಲಾಸ್ಟಿಕ್, ರಿಮೂವರಿನಲ್ಲಿ ಸಾಮಾನ್ಯವಾಗಿ ಇರುವ ಅಸಿಟೋನ್ ತಗುಲಿದರೆ ಕರಗುತ್ತದೆ. ಚುಕ್ಕೆಗಳ ಉಬ್ಬನ್ನು 400ರ ಸ್ಯಾಂಡ್ ಪೇಪರಿನಲ್ಲಿ ನೀರು ಹಾಕಿ ಉಜ್ಜಿ, ನಂತರ 600ರಲ್ಲಿ ನಯ ಮಾಡಿ. ಸೋಪಿನಲ್ಲಿ ತೊಳೆದು ಪೂರ್ತಿ ಒಣಗಿದ ಮೇಲೆ ಎರಡು ತೆಳು ಕೋಟ್ ಪ್ರೈಮರ್ ಕೊಡಿ. ದಪ್ಪ ಕೋಟ್ ಕೊಟ್ಟರೆ ಜೂಲಿನ ಎಳೆಗಳು, ನರಗಳ ಗೆರೆಗಳು ತುಂಬಿಹೋಗುತ್ತವೆ.