‘ಅವಳ ಮುಂದೆ ನಂದು ಯಾವ ಲೆಕ್ಕ ಮೇಡಂ?’

ಆಪ್ತಸಲಹೆಗಾರ್ತಿಯಾಗಿ ಈ ಮಾತನ್ನು ನಾನು ಎಷ್ಟು ಜನರ ಬಾಯಲ್ಲಿ ಕೇಳಿದ್ದೇನೋ ಗೊತ್ತಿಲ್ಲ. ಗಡಿಯಲ್ಲಿರುವ ತಮ್ಮನನ್ನು ನೆನೆದು ಅಕ್ಕ ಹೇಳುತ್ತಾಳೆ. ಕ್ಯಾನ್ಸರ್ ವಾರ್ಡಿನಲ್ಲಿ ನರ್ಸ್ ಆಗಿರುವ ಹೆಂಡತಿಯನ್ನು ನೋಡಿ ಗಂಡ ಹೇಳುತ್ತಾನೆ. ‘ಅವರ ಕಷ್ಟದ ಮುಂದೆ ನನ್ನದೇನು ಮಹಾ’ ಅಂತ ಶುರು ಮಾಡಿ, ಕೊನೆಗೆ ಏನನ್ನೂ ಹೇಳದೆ ಎದ್ದು ಹೋಗುವವರೂ ಇದ್ದಾರೆ. ಕೇಳುವುದಕ್ಕೆ ವಿನಯದ ಮಾತು. ಆದರೆ ಆ ವಿನಯದಿಂದ ಲಾಭ ಯಾರಿಗೆ ಅಂತ ಒಮ್ಮೆ ನೋಡಬೇಕು. ಅದಕ್ಕೇ ಈ ಪ್ರಕರಣ ಬರೆಯುತ್ತಿದ್ದೇನೆ.

ಊರು, ಉದ್ಯೋಗ, ಮನೆಯ ಕೆಲವು ವಿವರ ಬದಲಿಸಿದ್ದೇನೆ. ನನ್ನ ಹತ್ತಿರ ಬಂದಾಕೆಯ ಗೆಳತಿ ಇರುವ ದೇಶವನ್ನು ಮಾತ್ರ ಬದಲಿಸಿಲ್ಲ. ಅಲ್ಲಿನ ಕೆಲಸ ಏನು ಅಂತ ತಿಳಿಯದೆ ಈ ಕಥೆ ಅರ್ಥವಾಗುವುದಿಲ್ಲ. ಇಬ್ಬರ ಒಪ್ಪಿಗೆಯೂ ಇದೆ.

ನನ್ನ ಹತ್ತಿರ ಬಂದಾಕೆಗೆ ನಲವತ್ತು ದಾಟಿದೆ. ಶಾಲೆಯೊಂದರ ಆಫೀಸಿನಲ್ಲಿ ಕ್ಲರ್ಕ್. ಗಂಡ, ಪಿಯುಸಿ ಓದುವ ಮಗ. ಜೊತೆಗೆ ಅತ್ತೆ. ಅತ್ತೆಗೆ ಪಾರ್ಶ್ವವಾಯು ಹೊಡೆದು ಎಡಗೈ ಸ್ವಾಧೀನದಲ್ಲಿಲ್ಲ. ಸೊಸೆಗೆ ರಾತ್ರಿ ಎರಡು ಗಂಟೆಗೆ ಎಚ್ಚರವಾದರೆ ಮತ್ತೆ ನಿದ್ದೆ ಇಲ್ಲ. ಡಾಕ್ಟರು ಥೈರಾಯ್ಡ್, ಬಿಪಿ ಎಲ್ಲ ನೋಡಿ, ಏನೂ ಸಿಗದೆ ನನ್ನ ಹತ್ತಿರ ಕಳಿಸಿದ್ದರು.

ಮೊದಲ ಭೇಟಿಗಳಲ್ಲಿ ಆಕೆ ತನ್ನ ಬಗ್ಗೆ ಮಾತಾಡಿದ್ದು ತೀರಾ ಕಮ್ಮಿ. ಮಾತಾಡಿದ್ದೆಲ್ಲ ಗೆಳತಿಯ ಬಗ್ಗೆ. ಕಾಲೇಜಿನಲ್ಲಿ ಇಬ್ಬರೂ ಹಾಸ್ಟೆಲಿನ ಒಂದೇ ರೂಮಿನಲ್ಲಿದ್ದರು. ಆ ಗೆಳತಿ ಈಗ ದಕ್ಷಿಣ ಸುಡಾನಿನಲ್ಲಿದ್ದಾಳೆ. ಬಂದೂಕಿಲ್ಲದೆ ಜನರನ್ನು ಕಾಯುವ ಸಂಸ್ಥೆಯೊಂದರಲ್ಲಿ ಕೆಲಸ. ಅದರ ಬಗ್ಗೆ ಹೇಳುವಾಗ ಈಕೆಯ ಮುಖ ಅರಳುತ್ತಿತ್ತು. ಫೋನ್ ತೆಗೆದು ಫೋಟೋ ತೋರಿಸುತ್ತಿದ್ದರು. ಮಳೆಗಾಲದಲ್ಲಿ ಜೀಪು ಮುಂದಕ್ಕೂ ಇಲ್ಲ, ಹಿಂದಕ್ಕೂ ಇಲ್ಲ. ನಮ್ಮ ಗದಗದ ಕಡೆ ಇರುವಂಥದೇ ಎರೆ ಮಣ್ಣು, ಕಾಲಿಟ್ಟರೆ ಚಪ್ಪಲಿ ವಾಪಸ್ ಬರುವುದಿಲ್ಲ.

ಗೊತ್ತಿಲ್ಲದವರಿಗೆ ಸ್ವಲ್ಪ ಹೇಳುತ್ತೇನೆ. ದಕ್ಷಿಣ ಸುಡಾನ್ 2011ರಲ್ಲಿ ಸ್ವತಂತ್ರವಾಯಿತು. 2013ರ ಡಿಸೆಂಬರ್‌ನಲ್ಲಿ ಒಳಯುದ್ಧ ಶುರುವಾಯಿತು. ಸಾವಿರಾರು ಜನ ಜೀವ ಉಳಿಸಿಕೊಳ್ಳಲು ವಿಶ್ವಸಂಸ್ಥೆಯ ನೆಲೆಗಳೊಳಗೆ ನುಗ್ಗಿದರು. ಬೆಂಟಿಯು ಅನ್ನುವ ಊರಿನ ಕ್ಯಾಂಪಿನಲ್ಲಿ ಒಂದು ಕಾಲಕ್ಕೆ 1 ಲಕ್ಷಕ್ಕೂ ಹೆಚ್ಚು ಜನರಿದ್ದರು. ಒಳಗೆ ಕಾಳು ಸಿಗುತ್ತದೆ, ಬೇಯಿಸಲು ಸೌದೆ ಇಲ್ಲ. ಸೌದೆಗೆ ಹೊರಗೆ ಹೋಗಬೇಕು. ಗಂಡಸರು ಹೋದರೆ ಕೊಲ್ಲುತ್ತಾರೆ ಅಂತ ಹೆಂಗಸರು ಹೋಗುತ್ತಿದ್ದರು, ದಾರಿಯಲ್ಲಿ ಅವರ ಮೇಲೆ ಅತ್ಯಾಚಾರ ಆಗುತ್ತಿತ್ತು. ನಾನ್‌ವೈಲೆಂಟ್ ಪೀಸ್‌ಫೋರ್ಸ್‌ನಂಥ ಸಂಸ್ಥೆಯವರು ಆ ಹೆಂಗಸರ ಜೊತೆ ನಡೆದು ಹೋಗುತ್ತಾರೆ. ಕೈಯಲ್ಲಿ ಕೋಲೂ ಇರುವುದಿಲ್ಲ. ಹೊರಗಿನವರ ಕಣ್ಣು ಇದೆ ಅಂದಾಗ ಬಂದೂಕು ಹಿಡಿದವನೂ ಹಿಂದೆ ಮುಂದೆ ನೋಡುತ್ತಾನೆ, ಅಷ್ಟೇ ಅವರ ಧೈರ್ಯ. ಈ ಕೆಲಸಕ್ಕೆ ನಮ್ಮ ನಂಟೂ ಇದೆ. ವಿನೋಬಾ ಭಾವೆ ಕಟ್ಟಿದ ಶಾಂತಿ ಸೇನೆಯಲ್ಲಿದ್ದ ನಾರಾಯಣ ದೇಸಾಯಿ, 1981ರಲ್ಲಿ ಪೀಸ್ ಬ್ರಿಗೇಡ್ಸ್ ಇಂಟರ್‌ನ್ಯಾಷನಲ್ ಅನ್ನುವ ಇಂಥದೇ ಸಂಸ್ಥೆ ಹುಟ್ಟುಹಾಕಿದವರಲ್ಲಿ ಒಬ್ಬರು. ಪೀಸ್‌ಫೋರ್ಸ್ ಶುರುವಾದ ಸಭೆ ನಡೆದದ್ದೂ ದೆಹಲಿ ಪಕ್ಕದ ಸೂರಜ್‌ಕುಂಡದಲ್ಲಿ, 2002ರಲ್ಲಿ.

ಬೋರ್ ಅನ್ನುವ ಊರಿನ ಘಟನೆಯನ್ನು ಆಕೆ ಪದೇ ಪದೇ ಹೇಳುತ್ತಿದ್ದರು. 2014ರ ಏಪ್ರಿಲ್‌ನಲ್ಲಿ ಅಲ್ಲಿನ ವಿಶ್ವಸಂಸ್ಥೆ ನೆಲೆಯ ಮೇಲೆ ದಾಳಿಯಾಯಿತು. ಪೀಸ್‌ಫೋರ್ಸಿನ ಇಬ್ಬರು ಕಾರ್ಯಕರ್ತರು ಅಲ್ಲಿನ ಹೆಂಗಸರು, ಮಕ್ಕಳ ಜೊತೆ ಮಣ್ಣಿನ ಗುಡಿಸಲಲ್ಲಿದ್ದರು. ಬಂದೂಕಿನವರು ಮೂರು ಸಲ ಬಂದು ‘ನೀವಿಬ್ಬರು ಹೊರಗೆ ಹೋಗಿ’ ಅಂದರು. ಅವರು ಹೋಗಲಿಲ್ಲ. ಒಳಗಿದ್ದವರೆಲ್ಲ ಬದುಕಿದರು.

“ನಾನಾಗಿದ್ರೆ ಓಡಿ ಹೋಗ್ತಿದ್ದೆ ಮೇಡಂ. ನಂಗೆ ಗೇಟ್ ಮುಂದೆ ಸ್ಕೂಟರ್ ನಿಲ್ಸೋ ಪಕ್ಕದ ಮನೆ ಹುಡುಗನ್ನ ಕೇಳೋಕೇ ಬಾಯಿ ಬರಲ್ಲ.”

ಆ ದಿನದ ಭೇಟಿಯನ್ನು ಸ್ವಲ್ಪ ವಿವರವಾಗಿ ಬರೆಯುತ್ತೇನೆ. ಸ್ಕೂಟರ್ ವಿಷಯ ಆಕೆಯಾಗಿಯೇ ತೆಗೆದಿದ್ದರು. ನಾನು ಅದನ್ನೇ ಹಿಡಿದುಕೊಂಡೆ. ಇನ್ನೇನೇನು ಇದೆ ಹೇಳಿ ಅಂದೆ.

“ಅಯ್ಯೋ, ಅದೆಲ್ಲ ಯಾಕೆ ಮೇಡಂ. ನಾಚಿಕೆ ಆಗತ್ತೆ.”

ಹೇಳಿ ಪರವಾಗಿಲ್ಲ ಅಂದೆ. ನಗುತ್ತಲೇ ಶುರು ಮಾಡಿದರು. ನಲ್ಲಿ ನೀರು ಯಾವಾಗ ಬರುತ್ತೆ ಅಂತ ಗೊತ್ತಿಲ್ಲ, ವಾಟರ್‌ಮ್ಯಾನ್ ಫೋನ್ ಎತ್ತಲ್ಲ, ಬೆಳಗಿನ ಜಾವ ಸಂಪಿನ ಮುಚ್ಚಳ ತೆಗೆದು ಕಿವಿಗೊಟ್ಟು ಕೂರಬೇಕು, ಇತ್ತ ಅತ್ತೆಗೆ ಸ್ನಾನ, ಅತ್ತೆಗೆ ಇಡ್ಲಿ ಮೆತ್ತಗಿರಬೇಕು, ಮಗನಿಗೆ ಇಡ್ಲಿನೇ ಬೇಡ, ಆಫೀಸಿಗೆ ಹತ್ತು ನಿಮಿಷ ಲೇಟಾದರೆ ಹೆಡ್‌ಮಾಸ್ಟರ್ ಗಡಿಯಾರ ನೋಡ್ತಾರೆ. ಒಂದೇ ಉಸಿರಿಗೆ ಹೇಳಿ ನಿಲ್ಲಿಸಿದರು. ಆಮೇಲೆ ಅಂದರು: “ನಮ್ಮನೆಯವರು ಹೇಳೋದು ಸರಿನೇ. ‘ನಿನ್ನ ಫ್ರೆಂಡ್ ನೋಡು, ಗುಂಡಿನ ಮಧ್ಯೆ ನಿಂತಿದಾಳೆ. ನೀನು ಒಂದು ಕೊಡ ನೀರಿಗೆ ಅಳ್ತೀಯ’ ಅಂತಾರೆ.”

ನಾನು ಕೇಳಿದ್ದು ಒಂದೇ ಪ್ರಶ್ನೆ. ಈ ಮಾತು ಅವರು ಕೊನೆಯ ಸಲ ಹೇಳಿದ್ದು ಯಾವಾಗ?

ಆಕೆ ಯೋಚಿಸಿದರು. ನಗು ಹೋಯಿತು. ನೀರಿನ ವಿಷಯಕ್ಕೆ ಹೇಳಿದ್ದಲ್ಲ ಅಂದರು. ಬೆಂಗಳೂರಿನಲ್ಲಿರುವ ಭಾವ ಅತ್ತೆಯನ್ನು ಎರಡು ತಿಂಗಳು ಕರೆದುಕೊಂಡು ಹೋಗಲಿ ಅಂತ ಈಕೆ ಕೇಳಿದ ದಿನ ಹೇಳಿದ್ದು. ಅತ್ತೆಗೆ ಹೀಗಾದ ಮೇಲೆ ಭಾವ, ಓರಗಿತ್ತಿ ಹಬ್ಬಕ್ಕೆ ಬಂದು, ಹಣ್ಣು ಕೊಟ್ಟು, ಕಾಲಿಗೆ ನಮಸ್ಕಾರ ಮಾಡಿ ಹೋಗಿದ್ದಾರೆ. ಒಂದು ರಾತ್ರಿ ಉಳಿದಿಲ್ಲ. ಈಕೆ ಗಟ್ಟಿ ಮನಸ್ಸು ಮಾಡಿ ಕೇಳಿದ್ದಕ್ಕೆ ಮನೆಯಲ್ಲಿ ಬಂದ ಉತ್ತರ ದಕ್ಷಿಣ ಸುಡಾನ್.

ನನಗೆ ಸಿಟ್ಟು ಬಂತು, ಸುಳ್ಳು ಯಾಕೆ ಹೇಳಲಿ. ತೋರಿಸಲಿಲ್ಲ. ಗೆಳತಿಗೆ ಇದು ಗೊತ್ತಾ ಅಂತ ಕೇಳಿದೆ.

“ಛೆ, ಇಲ್ಲಪ್ಪ. ಅವಳಿಗೆ ಅಲ್ಲಿ ಸಾವು ಬದುಕಿನ ಪ್ರಶ್ನೆ. ನಾನು ಇದನ್ನ ಹೇಳ್ಲಾ? ಎಲ್ಲ ಚೆನ್ನಾಗಿದೆ ಅಂತೀನಿ. ನಾನೂ ನನ್ನ ಮಟ್ಟಿಗೆ ಮನೇಲಿ ಶಾಂತಿ ಕಾಪಾಡ್ತಿದೀನಿ ಅಂದ್ಕೊಳ್ತೀನಿ.”

ಹಾಗಾದರೆ ಗೆಳತಿ ಅಲ್ಲಿ ದಿನಾ ಮಾಡುವುದಾದರೂ ಏನು? ಬೋರ್‌ನಂಥ ದಿನ ಬಿಟ್ಟು ಮಾಮೂಲಿ ದಿನದ ಕೆಲಸ ಹೇಳಿ ಅಂದೆ. ಇತ್ತೀಚಿನ ಒಂದು ವಾಯ್ಸ್ ಮೆಸೇಜ್ ನೆನಪಿಸಿಕೊಂಡು ಹೇಳಿದರು. ಕ್ಯಾಂಪಿನ ಬೋರ್‌ವೆಲ್ ಹತ್ತಿರ ಸರದಿಯಲ್ಲಿದ್ದ ಇಬ್ಬರು ಹೆಂಗಸರ ನಡುವೆ ಜಗಳ. ಒಬ್ಬಳ ಕ್ಯಾನನ್ನು ಇನ್ನೊಬ್ಬಳು ಒದ್ದಳಂತೆ. ಅಲ್ಲಿ ಅದು ಅಷ್ಟಕ್ಕೇ ನಿಲ್ಲುವುದಿಲ್ಲ, ಸಂಜೆಗೆ ಅಣ್ಣ ತಮ್ಮಂದಿರು, ಗಂಡಂದಿರು ಬರುತ್ತಾರೆ, ಅವರ ಹಿಂದೆ ಇಡೀ ಕುಲ ಬರುತ್ತದೆ. ಗೆಳತಿ ಮತ್ತು ಅವಳ ಜೊತೆಯವರು ಎರಡೂ ಕಡೆಯ ಹೆಂಗಸರನ್ನು ಕೂರಿಸಿ, ಹಿರಿಯರನ್ನು ಕರೆಸಿ, ಯಾರ ಸರದಿ ಯಾವಾಗ, ಕ್ಯಾನ್ ಎಲ್ಲಿಡಬೇಕು ಅಂತ ಮಾತಾಡಿಸಿದರು. ಒಬ್ಬೊಬ್ಬಳೂ ತನ್ನ ದೂರನ್ನು ಪೂರ್ತಿ ಹೇಳಿ ಮುಗಿಸುವ ತನಕ ಯಾರೂ ನಡುವೆ ಬಾಯಿ ಹಾಕುವಂತಿರಲಿಲ್ಲ. ಅಲ್ಲಿ ಮುಗಿಯುವ ಹೊತ್ತಿಗೆ ಗೆಳತಿಗೆ ತಲೆ ಸಿಡಿಯುತ್ತಿತ್ತಂತೆ.

ನಾನು ಅಂದೆ: “ನೀರಿನ ಸರದಿಗೆ ಜಗಳ. ಅಲ್ಲಿ ಆದ್ರೆ ಅದು ಶಾಂತಿಯ ಕೆಲಸ, ಇಲ್ಲಾದ್ರೆ ನೀವು ಅಳುಬುರುಕಿ. ಯಾಕೆ?”

ಆಕೆ ಮಾತಾಡಲಿಲ್ಲ. ನಾನು ಮುಂದುವರಿಸಿದೆ. ನಿಮ್ಮ ಗೆಳತಿ ಆ ಹೆಂಗಸರಿಗೆ ‘ಯುದ್ಧದಲ್ಲಿ ಜನ ಸಾಯ್ತಿದಾರೆ, ನಿಮಗೆ ಕ್ಯಾನ್ ಜಗಳಾನಾ, ಸುಮ್ನಿರಿ’ ಅಂದಳಾ? ಹಾಗೆ ಅಂದಿದ್ದರೆ ಅವಳನ್ನು ಮರುದಿನವೇ ಮನೆಗೆ ಕಳಿಸುತ್ತಿದ್ದರು. ಅವಳು ಅಲ್ಲಿ ಮಾಡಿಸುವ ಕೆಲಸವನ್ನು, ಅಂದರೆ ದೂರು ಇರುವವರು ಬಾಯಿಬಿಟ್ಟು ಹೇಳುವುದು, ಹೊಣೆ ಇರುವವರು ಕೂತು ಕೇಳುವುದು, ಅದನ್ನೇ ಅವಳ ಹೆಸರು ಹೇಳಿ ನಿಮ್ಮ ಮನೆಯಲ್ಲಿ ನಿಲ್ಲಿಸಿದ್ದಾರೆ. ನೀವೂ ಅದಕ್ಕೆ ಕೈ ಜೋಡಿಸಿದ್ದೀರಿ.

ಕೊನೆಯ ಮಾತು ಖಾರವಾಗಿತ್ತು. ಬೇಕೆಂದೇ ಹೇಳಿದೆ. ಆಕೆ ತುಂಬಾ ಹೊತ್ತು ಅತ್ತರು, ಆಮೇಲೆ ಬ್ಯಾಗಿನಿಂದ ನೀರಿನ ಬಾಟಲಿ ತೆಗೆದು ಕುಡಿದು, “ಭಾವಂಗೆ ಏನಂತ ಹೇಳೋದು ಮೇಡಂ?” ಅಂದರು. ನನಗೆ ಬೇಕಾಗಿದ್ದ ಪ್ರಶ್ನೆ ಅದೇ.

ಭಾವನ ಹತ್ತಿರ ‘ಸಹಾಯ ಮಾಡಿ’ ಅಂತ ಕೇಳಬೇಡಿ ಅಂದೆ. ಸಹಾಯ ಅಂದ ಕೂಡಲೇ ಅದು ನಿಮ್ಮ ಕೆಲಸ ಅಂತ ಒಪ್ಪಿಕೊಂಡ ಹಾಗೆ. ಯಾವ ತಿಂಗಳಿಂದ ಯಾವ ತಿಂಗಳವರೆಗೆ ಅತ್ತೆ ಅವರ ಮನೆಯಲ್ಲಿರಬೇಕು ಅಂತ ತಾರೀಖು ಹೇಳಿ. ಗಂಡ ಪಕ್ಕದಲ್ಲಿರುವಾಗಲೇ ಹೇಳಿ. ಅತ್ತೆಯನ್ನೂ ಮೊದಲೇ ಕೇಳಿ, ಅವರೇನು ಸಾಮಾನಲ್ಲ ಅಲ್ವಾ, ಅವರಿಗೂ ಒಂದು ಇಷ್ಟ ಇರುತ್ತದೆ. ಜೊತೆಗೆ ಒಂದು ವಿಷಯ ತಿಳಿಸಿದೆ. ಹಿರಿಯ ನಾಗರಿಕರ ಪೋಷಣೆಗೆ 2007ರ ಕಾಯ್ದೆ ಇದೆ. ಅದರಲ್ಲಿ ಮಕ್ಕಳು ಅಂದರೆ ಮಗ, ಮಗಳು, ಮೊಮ್ಮಗ, ಮೊಮ್ಮಗಳು. ಆ ಸಾಲಿನಲ್ಲಿ ಸೊಸೆ ಇಲ್ಲ. ಕೇಸು ಹಾಕಿ ಅಂತ ಹೇಳಿದ್ದಲ್ಲ, ಕೇಳುವಾಗ ದನಿ ನಡುಗದಿರಲಿ ಅಂತ.

ಗೆಳತಿಗೂ ಒಂದು ಮೆಸೇಜ್ ಕಳಿಸಲು ಹೇಳಿದೆ. ‘ನಿನ್ನ ಮುಂದೆ ಇದೇನೂ ಅಲ್ಲ, ಆದರೂ’ ಅನ್ನುವ ಪೀಠಿಕೆ ಇಲ್ಲದೆ. ಇದು ಆಕೆಗೆ ಭಾವನ ಹತ್ತಿರ ಮಾತಾಡುವುದಕ್ಕಿಂತ ಕಷ್ಟವಾಯಿತು. ಸ್ನೇಹಿತರನ್ನು ಎತ್ತರದಲ್ಲಿ ಕೂರಿಸಿ ಕೆಳಗಿಂದ ಕೈ ಮುಗಿಯುವುದು ಸುಲಭ, ಆದರೆ ಅಷ್ಟು ದೂರ ಹೋಗಿ ಕೂತವರಿಗೂ ಊರಿನ ಮಾತು, ಮನೆಯ ಗೊಣಗಾಟ, ಅತ್ತೆಯ ಇಡ್ಲಿ ಇವೆಲ್ಲ ಬೇಕಿರುತ್ತವೆ. ‘ಎಲ್ಲ ಚೆನ್ನಾಗಿದೆ’ ಅಂತ ವರ್ಷಗಟ್ಟಲೆ ಕೇಳಿದರೆ ಆ ಕಡೆಯವರಿಗೂ ಬಾಗಿಲು ಹಾಕಿದ ಹಾಗೆ ಅನಿಸುತ್ತದೆ.

ನನ್ನ ಸಹೋದ್ಯೋಗಿಯೊಬ್ಬರು ಈ ಸಲಹೆಯನ್ನು ಒಪ್ಪಲಿಲ್ಲ. ಆಕೆಗೆ ಊರಿನ ಯಾವುದಾದರೂ ಸೇವಾ ಕೆಲಸದಲ್ಲಿ ತೊಡಗಲು ಹೇಳಬೇಕಿತ್ತು, ಗೆಳತಿಯಿಂದ ಬಂದ ಸ್ಫೂರ್ತಿ ಹಾಗೇ ವ್ಯರ್ಥ ಆಗಬಾರದಿತ್ತು ಅಂದರು. ಇನ್ನೊಬ್ಬರು, ಪ್ರತಿ ರಾತ್ರಿ ಬದುಕಿನಲ್ಲಿ ಸಿಕ್ಕ ಒಳ್ಳೆಯದನ್ನು ಬರೆದಿಡುವ ಅಭ್ಯಾಸ ಕೊಡಬಹುದಿತ್ತು ಅಂದರು. ಎರಡೂ ಒಳ್ಳೆಯವೇ, ಬೇರೆಯವರಿಗೆ. ಬೆಳಗಿನ ಜಾವ ಸಂಪಿನ ಪಕ್ಕ ಕೂತು, ಒಂದು ಕೈ ಆಡದ ಅತ್ತೆಗೆ ಸ್ನಾನ ಮಾಡಿಸಿ ಆಫೀಸಿಗೆ ಓಡುವವಳಿಗೆ ಇನ್ನೊಂದು ಸೇವೆ ಹೊರಿಸಲೇ? ಒಳ್ಳೆಯದನ್ನು ಬರೆದಿಡು ಅನ್ನುವುದೂ ಈಕೆಯ ವಿಷಯದಲ್ಲಿ ಗಂಡ ಹೇಳಿದ್ದನ್ನೇ ಮೆತ್ತಗೆ ಹೇಳಿದ ಹಾಗೆ. ಉಳಿದ ಕಿರಿಕಿರಿಗಳ ಬಗ್ಗೆ ನಾನು ಏನೂ ಹೇಳಲಿಲ್ಲ. ನೀರಿಗೆ ಹೀಗೆ ಕಾಯಬೇಕಾದರೆ ಯಾರಿಗಾದರೂ ರೇಗುತ್ತದೆ. ಅದಕ್ಕೆ ಚಿಕಿತ್ಸೆ ಬೇಡ.

ಗೆಳತಿಯ ಕೆಲಸವನ್ನು ನಾನು ಹಗುರ ಮಾಡುತ್ತಿದ್ದೇನೆ ಅಂತ ಯಾರಾದರೂ ಓದಿಕೊಂಡರೆ ಅದು ತಪ್ಪು. ಆ ಕೆಲಸದ ಬಗ್ಗೆ ತಿಳಿದಷ್ಟೂ ನನಗೂ ಗೌರವ ಜಾಸ್ತಿಯೇ ಆಯಿತು. ಫೋಟೋ ನೋಡುವುದನ್ನು ಬಿಡಿ ಅಂತ ಆಕೆಗೆ ಒಂದು ದಿನವೂ ಹೇಳಿಲ್ಲ.

ಗೆಳತಿಯ ಉತ್ತರವನ್ನು ಆಕೆ ನನಗೆ ಕೇಳಿಸಿದರು. ಉದ್ದದ ವಾಯ್ಸ್ ಮೆಸೇಜ್. ಮೊದಲು ಭಾವನಿಗೆ ಬೈಗುಳ, ಹಾಸ್ಟೆಲ್ ಭಾಷೆಯಲ್ಲೇ. ಆಮೇಲೆ: “ಲೇ, ಇಲ್ಲಿ ಕೆಲವು ವಾರಕ್ಕೊಂದ್ಸಲ ರಜಾ ತಗೊಂಡು ಹೊರಗೆ ಹೋಗ್ಲೇಬೇಕು ಅಂತ ರೂಲ್ಸ್ ಇದೆ. ಬೇಡ ಅಂದ್ರೂ ಕಳಿಸ್ತಾರೆ, ಇಲ್ಲಾಂದ್ರೆ ತಲೆ ಕೆಡತ್ತೆ ಅಂತ ಅವರಿಗೆ ಗೊತ್ತು. ನಿಂಗೆ ಯಾರೇ ರಜಾ ಕೊಡ್ತಿರೋದು?” ನಾನು ಎಷ್ಟೋ ಭೇಟಿಗಳಲ್ಲಿ ಹೇಳಲು ಒದ್ದಾಡಿದ್ದನ್ನು ಅವಳು ಅರ್ಧ ನಿಮಿಷದಲ್ಲಿ ಹೇಳಿದ್ದಳು.

ಭಾವನ ಜೊತೆಗಿನ ಮಾತು ಸಲೀಸಾಗಿ ಆಗಲಿಲ್ಲ. ಫೋನಿನಲ್ಲಿ ದನಿ ಏರಿತು. ಓರಗಿತ್ತಿ ಫ್ಲ್ಯಾಟ್ ಚಿಕ್ಕದು ಅಂದರು. ಕೊನೆಗೆ ಅತ್ತೆ ಹೋದರು, ಒಪ್ಪಿದ್ದಕ್ಕಿಂತ ಮೊದಲೇ ವಾಪಸ್ ಬಂದರು. ಆದರೂ ಆ ದಿನಗಳಲ್ಲಿ ಆಕೆ ನಿದ್ದೆ ಮಾಡಿದರು, ಮತ್ತು ಅತ್ತೆಗೆ ಸ್ನಾನ ಮಾಡಿಸುವುದೆಂದರೆ ಏನು ಅಂತ ಭಾವನ ಮನೆಯವರಿಗೆ ಗೊತ್ತಾಯಿತು. ಈಗ ಬೆಳಿಗ್ಗೆ ಬಂದು ಎರಡು ಗಂಟೆ ಹೊತ್ತು ಇದ್ದು ಹೋಗುವ ಸಹಾಯಕಿಯ ಸಂಬಳವನ್ನು ಅಣ್ಣ ತಮ್ಮ ಇಬ್ಬರೂ ಸೇರಿ ಕೊಡುತ್ತಿದ್ದಾರೆ. ಗಂಡ ಒಮ್ಮೆ ನನ್ನ ಹತ್ತಿರ ಬಂದು, “ಇವಳಿಗೆ ಜಗಳ ಆಡೋದು ಕಲಿಸ್ತಿದೀರಾ?” ಅಂತ ಕೇಳಿದರು. ಹೌದು ಅಂದೆ. ಅವರು ನಗಲಿಲ್ಲ, ಆದರೆ ಎದ್ದೂ ಹೋಗಲಿಲ್ಲ. ತಾಯಿಗೆ ಪಾರ್ಶ್ವವಾಯು ಆದ ಮೇಲೆ ಅವರಿಗೂ ಯಾರ ಹತ್ತಿರವೂ ಮಾತಾಡಲು ಆಗಿಲ್ಲ ಅಂತ ಆ ದಿನ ಗೊತ್ತಾಯಿತು. ಅವರಿಗೂ ಬೇರೆ ಸಮಯ ಕೊಟ್ಟಿದ್ದೇನೆ.

ನಿದ್ದೆ ಹೀಗೆ ವಾರಗಟ್ಟಲೆ ಕೆಟ್ಟಿದ್ದರೆ ಮೊದಲು ಡಾಕ್ಟರಿಗೆ ತೋರಿಸಿ. ಆಪ್ತಸಲಹೆಗಾರರು ಹತ್ತಿರದಲ್ಲಿ ಇಲ್ಲದಿದ್ದರೆ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಫೋನ್ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು, ದುಡ್ಡು ಕೊಡಬೇಕಿಲ್ಲ. ಇಷ್ಟು ಸಣ್ಣ ವಿಷಯಕ್ಕೆ ಫೋನ್ ಮಾಡೋದಾ ಅಂತ ಅನಿಸಿದರೂ ಮಾಡಿ.