ಹೈಬ್ರಿಡ್ ಬ್ಯಾಟರಿ ಬೇಗ ಇಳಿಯುತ್ತಿದೆಯೇ? ಅದು ಹೇಗೆ ತುಂಬುತ್ತದೆ ಎಂದೂ ನೋಡಿ

ಪ್ರಶ್ನೆ: ನನ್ನ ಹೈಬ್ರಿಡ್ ಕಾರಿಗೆ ಹನ್ನೆರಡು ವರ್ಷ. ಮೊದಲೆಲ್ಲ ಸಿಗ್ನಲ್‌ನಲ್ಲಿ ನಿಂತಾಗ ಎಂಜಿನ್ ಆಫ್ ಆಗಿಯೇ ಇರುತ್ತಿತ್ತು. ಈಗ ಎಸಿ ಹಾಕಿಕೊಂಡು ಎರಡು ನಿಮಿಷ ನಿಂತರೆ ಸಾಕು, ಪರದೆಯಲ್ಲಿ ಬ್ಯಾಟರಿಯ ಎಂಟು ಗೆರೆಗಳಲ್ಲಿ ಆರು ಇದ್ದದ್ದು ಎರಡಕ್ಕೆ ಇಳಿದು ಎಂಜಿನ್ ಸ್ಟಾರ್ಟ್ ಆಗುತ್ತದೆ. ಮೈಲೇಜೂ ಕಡಿಮೆಯಾಗಿದೆ. ಎಚ್ಚರಿಕೆಯ ದೀಪ ಯಾವುದೂ ಹತ್ತಿಲ್ಲ. ಗ್ಯಾರೇಜಿನವರು ಪೂರ್ತಿ ಬ್ಯಾಟರಿ ಬದಲಿಸಿ ಅನ್ನುತ್ತಾರೆ. ಬದಲಿಸಲೇಬೇಕಾ?

ಉತ್ತರ: ಬದಲಿಸಬೇಕಾಗಿ ಬರಬಹುದು. ಆದರೆ ಪರದೆಯ ಗೆರೆ ನೋಡಿ ಆ ತೀರ್ಮಾನಕ್ಕೆ ಬರಬೇಡಿ. ಒಳಗಿನ ಜೋಡಣೆಯ ಪಟ್ಟಿಗಳ ಕಿಲುಬು ಉಜ್ಜಿ ತೆಗೆದಿದ್ದರೆ ಇನ್ನಷ್ಟು ಕಾಲ ಓಡುತ್ತಿದ್ದ ಬ್ಯಾಟರಿಯನ್ನು ಬಿಚ್ಚಿ ಎಸೆಯುವುದನ್ನು ಕಂಡರೆ ನನಗೆ ತುಂಬಾ ಬೇಜಾರಾಗುತ್ತದೆ.

ಇಳಿಯುವ ಬಗ್ಗೆ ಬರೆದಿದ್ದೀರಿ. ತುಂಬುವ ಬಗ್ಗೆ ಬರೆದಿಲ್ಲ. ನಾನು ಮೊದಲು ಕೇಳುವುದೇ ಅದನ್ನು. ಎಂಜಿನ್ ಸ್ಟಾರ್ಟ್ ಆದ ಮೇಲೆ ಗೆರೆಗಳು ಅಷ್ಟೇ ಬೇಗ ಮೇಲೇರುತ್ತವೆಯೇ? ಸಣ್ಣ ಇಳಿಜಾರಿನಲ್ಲಿ ಬ್ರೇಕ್ ಒತ್ತಿದರೆ ಪಟ್ಟನೆ ಪೂರ್ತಿ ತುಂಬಿದಂತೆ ತೋರಿಸುತ್ತದೆಯೇ? ಬೇಗ ಇಳಿದು ಬೇಗ ತುಂಬಿದರೆ ಬ್ಯಾಟರಿಯ ಒಳಗೇ ತೊಂದರೆ ಇದೆ. ಬೇಗ ಇಳಿದು ನಿಧಾನವಾಗಿ ತುಂಬಿದರೆ ಬೇರೆ ಏನೋ ಕರೆಂಟ್ ಎಳೆಯುತ್ತಿದೆ.

ಯಾಕೆ ಹೀಗೆ? ಸಾಲಾಗಿ ಇಟ್ಟ ಕೊಡಗಳನ್ನು ನೆನೆಸಿಕೊಳ್ಳಿ. ಪ್ರತಿ ಸಲವೂ ಎಲ್ಲ ಕೊಡಗಳಿಂದ ಒಂದೊಂದು ಚೊಂಬು ನೀರು ತೆಗೆಯುತ್ತೀರಿ, ಹಾಕುವಾಗಲೂ ಒಂದೊಂದೇ ಚೊಂಬು. ಒಂದು ಕೊಡದಲ್ಲಿ ಮಾತ್ರ ಅರ್ಧದವರೆಗೆ ಮರಳು ತುಂಬಿದೆ. ಆ ಕೊಡ ಎಲ್ಲಕ್ಕಿಂತ ಮೊದಲು ಖಾಲಿಯಾಗುತ್ತದೆ, ಎಲ್ಲಕ್ಕಿಂತ ಮೊದಲು ತುಂಬಿ ಚೆಲ್ಲುತ್ತದೆ. ಬ್ಯಾಟರಿಯ ಸೆಲ್‌ಗಳೂ ಹೀಗೆ ಸರಣಿಯಲ್ಲಿ ಇರುತ್ತವೆ. ಎಲ್ಲದರ ಮೂಲಕವೂ ಹರಿಯುವುದು ಒಂದೇ ಕರೆಂಟ್. ಹಾಗಾಗಿ ಒಂದು ಸೆಲ್ ಸೊರಗಿದರೆ ಇಡೀ ಬ್ಯಾಟರಿ ಅದರ ಅಳತೆಗೆ ಇಳಿಯುತ್ತದೆ. ಉಳಿದವು ಗಟ್ಟಿಯಾಗಿದ್ದರೂ ಕಾರಿನ ಕಂಪ್ಯೂಟರ್ ಬಡವಾದ ಸೆಲ್‌ನ ಮಾತನ್ನೇ ಕೇಳಬೇಕಾಗುತ್ತದೆ.

ಎಸಿಯಿಂದ ಹೀಗಾಗುತ್ತಿದೆಯೇ ಅನ್ನುವ ಅನುಮಾನ ಬರುವುದು ಸಹಜ. ಒಂದು ಲೆಕ್ಕ ಹಾಕೋಣ. 2004ರಿಂದ 2009ರವರೆಗೆ ಬಂದ ಎರಡನೇ ತಲೆಮಾರಿನ ಟೊಯೊಟಾ ಪ್ರಿಯಸ್ ಇದಕ್ಕೆ ಒಳ್ಳೆಯ ಉದಾಹರಣೆ. ಅದರಲ್ಲಿ ನಿಕಲ್ ಮೆಟಲ್ ಹೈಡ್ರೈಡ್ ಬ್ಯಾಟರಿ ಇದೆ. 7.2 ವೋಲ್ಟಿನ 28 ಮಾಡ್ಯೂಲ್ (ಕೆಲವು ಸೆಲ್‌ಗಳು ಸೇರಿದ ಕಟ್ಟು), ಒಟ್ಟು 201.6 ವೋಲ್ಟ್, 6.5 ಆಂಪಿಯರ್ ಅವರ್. ಅಂದರೆ ಸುಮಾರು 1.3 ಕಿಲೋವ್ಯಾಟ್ ಅವರ್. ಬಾಳಿಕೆ ಬರಲಿ ಅಂತ ಕಂಪ್ಯೂಟರ್ ಇದರಲ್ಲಿ ಹೆಚ್ಚುಕಡಿಮೆ ಶೇಕಡಾ 40ರಿಂದ 80ರ ನಡುವಿನ ಭಾಗವನ್ನು ಮಾತ್ರ ಬಳಸುತ್ತದೆ. ಕೈಗೆ ಸಿಗುವುದು ಅರ್ಧ ಕಿಲೋವ್ಯಾಟ್ ಅವರ್. ಎಸಿ 2 ಕಿಲೋವ್ಯಾಟ್ ಎಳೆದರೂ ಅದು ಹದಿನೈದು ನಿಮಿಷ ಬರಬೇಕು. ನಿಮ್ಮ ಕಾರಿನ ಅಂಕಿ ಬೇರೆ ಇರಬಹುದು. ಆದರೆ ಎರಡು ನಿಮಿಷಕ್ಕೆ ಅರ್ಧ ಇಳಿಯುವುದನ್ನು ಎಸಿಯ ಮೇಲೆ ಹೊರಿಸಲು ಆಗುವುದಿಲ್ಲ. ಆದರೂ ಒಮ್ಮೆ ಎಸಿ ಆಫ್ ಮಾಡಿ ನಿಂತು ನೋಡಿ, ಖರ್ಚಿಲ್ಲದ ಪರೀಕ್ಷೆ ಅದು.

ಈಗ ಸ್ಕ್ಯಾನರ್ ಬೇಕು. ಎಂಜಿನ್ ಕೋಡ್ ಮಾತ್ರ ಓದುವ ಸಾದಾ ಸ್ಕ್ಯಾನರ್ ಸಾಲದು. ಹೈಬ್ರಿಡ್ ಬ್ಯಾಟರಿಯ ಕಂಪ್ಯೂಟರ್ ಜೊತೆ ಮಾತಾಡಿ, ಪ್ರತಿ ಬ್ಲಾಕಿನ ವೋಲ್ಟೇಜ್ ತೋರಿಸುವಂಥದ್ದು ಬೇಕು. ನಾನು ಹೇಳಿದ ಪ್ರಿಯಸ್‌ನಲ್ಲಿ ಎರಡು ಮಾಡ್ಯೂಲ್ ಸೇರಿ ಒಂದು ಬ್ಲಾಕ್, ಒಟ್ಟು 14 ಬ್ಲಾಕ್. ದೀಪ ಹತ್ತಿಲ್ಲ ಅಂದಿದ್ದೀರಿ. ಅದರಿಂದ ಸಮಾಧಾನ ಪಡಬೇಡಿ. ಪಿ0ಎ80 ಎಂಬ ಕೋಡ್, ಅಂದರೆ ಬ್ಯಾಟರಿ ಬದಲಿಸಿ ಅನ್ನುವ ಕೋಡ್, ಬ್ಲಾಕುಗಳ ನಡುವಿನ ವ್ಯತ್ಯಾಸ ಒಂದು ಮಿತಿ ದಾಟಿದ ಮೇಲೆಯೇ ಬರುತ್ತದೆ. ಲಕ್ಷಣಗಳು ಅದಕ್ಕಿಂತ ಮುಂಚೆಯೇ ಶುರುವಾಗಿರುತ್ತವೆ.

ಅರ್ಧ ಗಂಟೆ ಓಡಿಸಿ ಬ್ಯಾಟರಿ ಬಿಸಿಯಾದ ಮೇಲೆ ಅಳೆಯಿರಿ. ನೀವು ಓಡಿಸಿ, ಪಕ್ಕದಲ್ಲಿ ಕೂತವರು ಓದಲಿ. ನಿಂತಾಗ ಒಮ್ಮೆ, ಖಾಲಿ ರಸ್ತೆಯಲ್ಲಿ ಜೋರಾಗಿ ವೇಗ ಹೆಚ್ಚಿಸುವಾಗ ಒಮ್ಮೆ, ಬ್ರೇಕ್ ಹಾಕಿ ಚಾರ್ಜ್ ಆಗುವಾಗ ಒಮ್ಮೆ. ನಿಂತಾಗಿನ ಅಂಕಿಗಳನ್ನು ಮಾತ್ರ ನೋಡಿ ಬ್ಯಾಟರಿ ಚೆನ್ನಾಗಿದೆ ಅನ್ನುವವರೇ ಜಾಸ್ತಿ. ಲೋಡ್ ಇಲ್ಲದಾಗ ಸೊರಗಿದ ಸೆಲ್ ಕೂಡ ಚೆನ್ನಾಗಿಯೇ ಕಾಣಬಹುದು.

ಒಂದು ಬ್ಲಾಕ್ ಮೂರೂ ಸಲ ಉಳಿದವುಗಳಿಗಿಂತ 1.2 ವೋಲ್ಟಿನಷ್ಟು ಕೆಳಗಿದ್ದರೆ ಅದರ ಒಂದು ಸೆಲ್ ಪೂರ್ತಿ ಹೋಗಿದೆ. ಈ ಬಗೆಯ ಬ್ಯಾಟರಿಯಲ್ಲಿ ಒಂದು ಸೆಲ್ ಅಂದರೆ 1.2 ವೋಲ್ಟ್ ಅಲ್ವಾ? ಹಾಗಲ್ಲದೆ ಒಂದು ಬ್ಲಾಕ್ ವೇಗ ಹೆಚ್ಚಿಸುವಾಗ ಎಲ್ಲಕ್ಕಿಂತ ಕೆಳಗೆ, ಚಾರ್ಜ್ ಆಗುವಾಗ ಎಲ್ಲಕ್ಕಿಂತ ಮೇಲೆ ಹೋಗುತ್ತಿದ್ದರೆ ಎರಡು ಕಾರಣ ಇರಬಹುದು. ಇವೆರಡನ್ನೂ ಬೇರೆ ಮಾಡಿ ನೋಡುವುದೇ ಈ ಕೆಲಸದ ತಿರುಳು. ಆಕ್ಸಿಲರೇಟರ್‌ನಿಂದ ಕಾಲು ತೆಗೆದ ಕ್ಷಣವೇ ವ್ಯತ್ಯಾಸ ಮಾಯವಾದರೆ ಅಡ್ಡಿ ಇರುವುದು ಕರೆಂಟಿನ ದಾರಿಯಲ್ಲಿ. ಮಾಡ್ಯೂಲುಗಳನ್ನು ಜೋಡಿಸುವ ತಾಮ್ರದ ಪಟ್ಟಿಗೆ ಕಿಲುಬು ಹಿಡಿದಿರಬಹುದು, ನಟ್ ಸಡಿಲವಾಗಿರಬಹುದು. ಮಾಡ್ಯೂಲಿನ ಒಳಗಿನ ರೆಸಿಸ್ಟೆನ್ಸ್, ಅಂದರೆ ಕರೆಂಟಿಗೆ ಒಡ್ಡುವ ಅಡ್ಡಿ, ಏರಿದರೂ ಹೀಗೇ ಕಾಣುತ್ತದೆ, ಆದರೆ ಮೊದಲು ಪಟ್ಟಿ ಬಿಚ್ಚಿ ನೋಡಲಿ. ವ್ಯತ್ಯಾಸ ಮೆಲ್ಲಗೆ ಬೆಳೆದು, ಕಾಲು ತೆಗೆದ ಮೇಲೂ ಸ್ವಲ್ಪ ಹೊತ್ತು ಉಳಿದರೆ ಸೆಲ್‌ನ ಸಾಮರ್ಥ್ಯವೇ ಕುಗ್ಗಿದೆ. ಗ್ಯಾರೇಜಿನವರಿಗೆ ಈ ಮೂರು ಅಳತೆಗಳನ್ನು ಬರೆದು ಕೊಡಿ ಅನ್ನಿ. ಕೊಡದಿದ್ದರೆ ಬೇರೆ ಕಡೆ ತೋರಿಸಿ.

ಜೊತೆಗೆ ಬ್ಯಾಟರಿಗೆ ಗಾಳಿ ಹೋಗುವ ಜಾಲರಿಯನ್ನು ಇವತ್ತೇ ನೋಡಿ. ಹಲವು ಕಾರುಗಳಲ್ಲಿ ಅದು ಹಿಂದಿನ ಸೀಟಿನ ಪಕ್ಕ ಇರುತ್ತದೆ. ಧೂಳು, ನಾಯಿ ಬೆಕ್ಕಿನ ಕೂದಲು ಅಲ್ಲಿ ಕಟ್ಟಿಕೊಳ್ಳುತ್ತವೆ. ಅದರ ಮೇಲೆ ಬ್ಯಾಗ್ ಇಡುವವರೂ ಇದ್ದಾರೆ, ದಯವಿಟ್ಟು ಇಡಬೇಡಿ. ಗಾಳಿ ಸಿಗದಿದ್ದರೆ ನಡುವಿನ ಮಾಡ್ಯೂಲುಗಳು ಹೆಚ್ಚು ಕಾದು ಮೊದಲು ಸೊರಗುತ್ತವೆ. ಜಾಲರಿ ಸ್ವಚ್ಛ ಮಾಡಿದರೆ ಹೋದ ಸೆಲ್ ವಾಪಸ್ ಬರುವುದಿಲ್ಲ. ಉಳಿದವು ಉಳಿಯುತ್ತವೆ.

ಪ್ರಶ್ನೆ: ನಾಲ್ಕು ದಿನ ನಿಲ್ಲಿಸಿದರೆ ನನ್ನ ಹೈಬ್ರಿಡ್ ಕಾರು ಸ್ಟಾರ್ಟೇ ಆಗುವುದಿಲ್ಲ. ಪರದೆಯೂ ಮಂಕಾಗುತ್ತದೆ. ದೊಡ್ಡ ಬ್ಯಾಟರಿ ಹೋಯಿತೇ?

ಉತ್ತರ: ಬಹುಮಟ್ಟಿಗೆ ಇಲ್ಲ. ಇದು ಚಿಕ್ಕ 12 ವೋಲ್ಟ್ ಬ್ಯಾಟರಿಯ ಲಕ್ಷಣ. ಕಂಪ್ಯೂಟರುಗಳನ್ನು ಎಬ್ಬಿಸುವುದು, ರಿಲೇ ಎಂಬ ಸ್ವಿಚ್ ಹಾಕಿ ದೊಡ್ಡ ಬ್ಯಾಟರಿಯನ್ನು ಕಾರಿಗೆ ಜೋಡಿಸುವುದು ಇದರದ್ದೇ ಕೆಲಸ. ಇದು ಕೂತುಹೋದರೆ ದೊಡ್ಡದರಲ್ಲಿ ಎಷ್ಟೇ ಚಾರ್ಜ್ ಇದ್ದರೂ ಕಾರು ಏಳುವುದಿಲ್ಲ. ಕೆಲವು ಗಂಟೆ ನಿಲ್ಲಿಸಿದ ಮೇಲೆ ಮೀಟರ್ ಹಿಡಿದು ಅಳೆಯಿರಿ. 12.6 ಹತ್ತಿರ ಇದ್ದರೆ ತುಂಬಿದೆ, 12ಕ್ಕಿಂತ ಕೆಳಗಿದ್ದರೆ ಖಾಲಿ. ಹೊಸದು ಹಾಕಿದ ಮೇಲೂ ನಾಲ್ಕು ದಿನಕ್ಕೆ ಇಳಿದರೆ, ಕಾರು ಆಫ್ ಇದ್ದಾಗಲೂ ಏನೋ ಕರೆಂಟ್ ಎಳೆಯುತ್ತಿದೆ. ಆಮೇಲೆ ಜೋಡಿಸಿದ ಕ್ಯಾಮೆರಾ, ಟ್ರ್ಯಾಕರ್‌ಗಳನ್ನು ಮೊದಲು ಕಳಚಿ ನೋಡಿ. ಈ ಬ್ಯಾಟರಿ ಕಾರಿನ ಒಳಗೆ ಅಥವಾ ಡಿಕ್ಕಿಯಲ್ಲಿದ್ದರೆ ಅದೇ ಬಗೆಯದನ್ನೇ ಹಾಕಿಸಿ, ಗ್ಯಾಸ್ ಹೊರಹೋಗುವ ಕೊಳವೆಯನ್ನು ಮರೆಯದೆ ಜೋಡಿಸಲಿ.

ಪ್ರಶ್ನೆ: ಕೆಟ್ಟ ಮಾಡ್ಯೂಲ್ ಒಂದನ್ನೇ ಮನೆಯಲ್ಲಿ ಬದಲಿಸಬಹುದೇ?

ಉತ್ತರ: ಮನೆಯಲ್ಲಿ ಬೇಡ. 200 ವೋಲ್ಟ್ ಡಿಸಿ ಜೀವ ತೆಗೆಯುತ್ತದೆ. ಬ್ಯಾಟರಿಯ ಸಂಪರ್ಕ ಕಡಿಯುವ ಸರ್ವಿಸ್ ಪ್ಲಗ್ ಎಳೆದು, ಇನ್ವರ್ಟರ್‌ನ ಕೆಪಾಸಿಟರ್ ಖಾಲಿಯಾಗಲು ಹತ್ತು ನಿಮಿಷ ಕಾದರೂ ಮಾಡ್ಯೂಲುಗಳ ಸಾಲಿನಲ್ಲಿ ವೋಲ್ಟೇಜ್ ಇದ್ದೇ ಇರುತ್ತದೆ. 1000 ವೋಲ್ಟಿಗೆ ಪರೀಕ್ಷಿಸಿದ ರಬ್ಬರ್ ಗ್ಲೌಸ್ ಇಲ್ಲದೆ ಮೆಕ್ಯಾನಿಕ್ ಕೂಡ ಕೈ ಹಾಕಬಾರದು.

ಒಂದನ್ನೇ ಬದಲಿಸಿದರೆ ಬಾಳಿಕೆ ಬರುತ್ತದೆಯೇ ಅನ್ನುವುದು ಉಳಿದ ಮಾಡ್ಯೂಲುಗಳ ಮೇಲೆ ನಿಂತಿದೆ. ಎಲ್ಲವನ್ನೂ ಒಂದೊಂದಾಗಿ ಚಾರ್ಜ್ ಮಾಡಿ, ಖಾಲಿ ಮಾಡಿ ಸಾಮರ್ಥ್ಯ ಅಳೆಯಬೇಕು. ಉಳಿದವು ಹೆಚ್ಚುಕಡಿಮೆ ಸಮ ಇದ್ದರೆ, ಅಷ್ಟೇ ಸಾಮರ್ಥ್ಯದ ಮಾಡ್ಯೂಲ್ ಹಾಕಿ ಎಲ್ಲವನ್ನೂ ಒಂದೇ ಮಟ್ಟದ ಚಾರ್ಜ್‌ಗೆ ತಂದು ಜೋಡಿಸಬಹುದು. ಆರೇಳು ಮಾಡ್ಯೂಲ್ ಸೊರಗಿದ್ದರೆ ಇವತ್ತು ಒಂದು, ಮುಂದಿನ ತಿಂಗಳು ಇನ್ನೊಂದು ಅಂತ ಬಿಚ್ಚುತ್ತಲೇ ಇರಬೇಕಾಗುತ್ತದೆ. ಆಗ ಪೂರ್ತಿ ಬ್ಯಾಟರಿಯನ್ನೇ ಬದಲಿಸಿ.