ಅಮ್ಮನ ಚರ್ಚು, ನಿಮ್ಮ ನಂಬಿಕೆ

ತುಮಕೂರಿನ ಓದುಗರೊಬ್ಬರು ಬರೆದಿದ್ದಾರೆ: "ಅಜ್ಜಿಯ ಕಾಲದಿಂದ ನಾವು ಸಿಎಸ್ಐ (ಚರ್ಚ್ ಆಫ್ ಸೌತ್ ಇಂಡಿಯಾ) ಸಭೆಯವರು. ನನಗೆ ಯೇಸುವಿನಲ್ಲಿ ನಂಬಿಕೆ ಇದೆ. ಆದರೆ ಭಾನುವಾರ ಅದೇ ಆರಾಧನಾ ಕ್ರಮ, ಪುಸ್ತಕ ನೋಡಿ ಓದುವ ಅದೇ ಪ್ರಾರ್ಥನೆ. ಸಾಕಾಗಿದೆ. ಮನೆಯಲ್ಲೇ ಪ್ರಾರ್ಥಿಸುತ್ತೇನೆ. ಅಮ್ಮನಿಗೆ ಇದರಿಂದ ತುಂಬಾ ನೋವಾಗಿದೆ. ಯೆಹೂದ್ಯರ ಕಟ್ಟಳೆಗಳನ್ನು ತೆಗೆದುಹಾಕಲೆಂದೇ ಯೇಸು ಬಂದದ್ದು ಅಲ್ವಾ? ಮತ್ತೆ ನಮಗ್ಯಾಕೆ ಸಂಪ್ರದಾಯ?" ಹೆಸರು ಬೇಡ ಎಂದು ಕೇಳಿದ್ದಾರೆ.

ನಿಮ್ಮ ಕೊನೆಯ ಮಾತನ್ನು ಮೊದಲು ತೆಗೆದುಕೊಳ್ಳುತ್ತೇನೆ. ಪ್ರಸಂಗಗಳಲ್ಲೂ ಅದು ಕೇಳಿಬರುತ್ತದೆ, ಆದರೆ ಸರಿಯಲ್ಲ. ಯೇಸು ಸ್ವತಃ ಯೆಹೂದ್ಯ. ಸಬ್ಬತ್ ಎಂಬ ವಿಶ್ರಾಂತಿ ದಿನ ವಾಡಿಕೆಯಂತೆ ಸಭಾಮಂದಿರಕ್ಕೆ ಹೋದನೆಂದು ಲೂಕನ ಸುವಾರ್ತೆಯ 4ನೇ ಅಧ್ಯಾಯದಲ್ಲಿದೆ. ಬರೀ ಬಾಯಿಮಾತಿನ ಭಕ್ತಿಯನ್ನು ಬೈದಾಗ ಅವನು ಎತ್ತಿಕೊಂಡದ್ದು ಯೆಶಾಯನ ಮಾತನ್ನು, ಅಂದರೆ ಅದೇ ಸಂಪ್ರದಾಯದ ಪ್ರವಾದಿಯ ಮಾತನ್ನು. ಸುಮಾರು ಕ್ರಿ.ಶ. 200ರಲ್ಲಿ ರೂಪುಗೊಂಡ ಯೆಹೂದ್ಯರ ಧರ್ಮಗ್ರಂಥ ಮಿಶ್ನಾದಲ್ಲೂ ರಬ್ಬಿ (ಧರ್ಮಗುರು) ಎಲಿಯೇಜರ್ ಇದನ್ನೇ ಹೇಳುತ್ತಾರೆ: ಪ್ರಾರ್ಥನೆಯನ್ನು ಬರೀ ರೂಢಿ ಮಾಡಿಕೊಂಡವನದು ನಿಜವಾದ ಬೇಡಿಕೆಯಲ್ಲ. ಯೆಹೂದ್ಯರಿಗೆ ಕಟ್ಟಳೆ, ನಮಗೆ ನಂಬಿಕೆ ಎಂದು ಪಾಲು ಮಾಡುವುದು ಅವರಿಗೆ ಮಾಡುವ ಅನ್ಯಾಯ.

ಅವರ ಕದ್ದೀಶ್ ಪ್ರಾರ್ಥನೆಯನ್ನೇ ನೋಡಿ. ತಂದೆ ತಾಯಿ ತೀರಿಕೊಂಡರೆ ಮಕ್ಕಳು ಹನ್ನೊಂದು ತಿಂಗಳು ಅದನ್ನು ಹೇಳುತ್ತಾರೆ. ಅದರಲ್ಲಿ ಸಾವಿನ ಮಾತೇ ಇಲ್ಲ, ಹೆಚ್ಚಾಗಿ ದೇವರ ಹೆಸರಿನ ಸ್ತುತಿಯೇ. ಹತ್ತು ಜನ ಸೇರದೆ ಹೇಳುವಂತಿಲ್ಲ. ದುಃಖದಲ್ಲಿ ದೇವರ ಮೇಲೆ ಸಿಟ್ಟು ಬಂದ ಮಗನಿಗೂ ಬಾಯಿಗೆ ಮಾತು ಸಿದ್ಧವಾಗಿರುತ್ತದೆ, ಆಮೆನ್ ಎನ್ನಲು ಪಕ್ಕದಲ್ಲಿ ಜನ ಇರುತ್ತಾರೆ. ನನಗಂತೂ ಇದು ಬಹಳ ದೊಡ್ಡದಾಗಿ ಕಾಣುತ್ತದೆ. ಮನೆಯಲ್ಲಿ ಒಬ್ಬರೇ ಕೂತಾಗ ಮಾತು ಹೊರಡದ ದಿನ ನಿಮಗೂ ಬರಬಹುದು.

ಇನ್ನು ನಿಮ್ಮದೇ ಸಭೆಯ ಬೇರು. ತುಮಕೂರು, ಗುಬ್ಬಿ ಕಡೆ ಕೆಲಸ ಮಾಡಿದ್ದು ವೆಸ್ಲಿಯನ್ ಮಿಷನ್. 1947ರಲ್ಲಿ ಆ ಸಭೆಗಳು ಸಿಎಸ್ಐಗೆ ಸೇರಿದವು. ವೆಸ್ಲಿಯನ್ ಪಂಥದ ಮೂಲಪುರುಷ ಜಾನ್ ವೆಸ್ಲಿ 1738ರ ಮೇ 24ರ ಸಂಜೆ ಲಂಡನ್ನಿನ ಆಲ್ಡರ್ಸ್‌ಗೇಟ್ ಬೀದಿಯ ಒಂದು ಕೂಟಕ್ಕೆ ಹೋದರು. ಮನಸ್ಸೇ ಇರಲಿಲ್ಲ ಎಂದು ಅವರೇ ಬರೆದುಕೊಂಡಿದ್ದಾರೆ. ಅಲ್ಲಿ ಯಾರೋ, ಬೈಬಲಿನ ರೋಮಾಪುರದವರ ಪತ್ರಿಕೆಗೆ ಜರ್ಮನ್ ಸುಧಾರಕ ಮಾರ್ಟಿನ್ ಲೂಥರ್ ಬರೆದ ಮುನ್ನುಡಿ ಓದುತ್ತಿದ್ದರು. ಅದು ಆಗಲೇ ಇನ್ನೂರು ವರ್ಷಕ್ಕೂ ಹಳೆಯ ಬರಹ. ಅದನ್ನು ಕೇಳುತ್ತಾ ಅವರ ಎದೆ ಬೆಚ್ಚಗಾಯಿತು. ಕ್ರಿಸ್ತನು ತನ್ನ ಪಾಪಗಳನ್ನೂ ತೆಗೆದುಹಾಕಿದ್ದಾನೆ ಎಂಬ ಭರವಸೆ ಬಂತು. ಇದಕ್ಕಿಂತ ಸ್ವಂತದ ನಂಬಿಕೆ ಬೇಕೇ? ಅದು ಸಿಕ್ಕಿದ್ದು ಬೇಡದ ಮನಸ್ಸಿನಿಂದ ಹೋದ ಕೂಟದಲ್ಲಿ, ಇನ್ನೊಬ್ಬರ ಹಳೆಯ ಮಾತಿನಿಂದ. ಆಮೇಲೂ ವೆಸ್ಲಿ ತಮ್ಮ ಸಭೆ ಬಿಡಲಿಲ್ಲ. 1791ರಲ್ಲಿ ತೀರಿಕೊಳ್ಳುವವರೆಗೂ ಇಂಗ್ಲೆಂಡಿನ ಆಂಗ್ಲಿಕನ್ ಸಭೆಯ ಪಾದ್ರಿಯಾಗಿಯೇ ಇದ್ದರು. ಕರ್ತನ ಭೋಜನವನ್ನು ಆದಷ್ಟು ಹೆಚ್ಚು ಸಲ ತೆಗೆದುಕೊಳ್ಳಿ ಎಂದು ಬೋಧಿಸಿದರು.

ನಿಮ್ಮ ಬೇಸರ ಸುಳ್ಳೆಂದು ನಾನು ಹೇಳುತ್ತಿಲ್ಲ. ಮನಸ್ಸಿಲ್ಲದೆ ಓದಿ ಮುಗಿಸುವ ಆರಾಧನೆ ಯಾರಿಗೂ ಬೇಡ. ಅದನ್ನು ಸಭಾಪಾಲಕರಿಗೇ ನೇರವಾಗಿ ಹೇಳಿ, ಹೇಳುವ ಹಕ್ಕು ನಿಮಗಿದೆ. ಕೂಸಾಗಿದ್ದಾಗ ದೀಕ್ಷಾಸ್ನಾನ ಕೊಟ್ಟ ಸಭೆಯೇ, ಬೆಳೆದ ಮೇಲೆ ದೃಢೀಕರಣದಲ್ಲಿ ನಿಮ್ಮ ಬಾಯಿಂದಲೇ ಒಪ್ಪಿಗೆ ಕೇಳುತ್ತದೆ. ಆದರೆ ಸುಮ್ನೆ ದೂರ ಉಳಿಯಬೇಡಿ. ಮನೆಯಲ್ಲಿ ನೀವು ಮಾಡುವ ಪ್ರಾರ್ಥನೆಯನ್ನು ಕಲಿಸಿದ್ದು ಅಮ್ಮನೇ ಇರಬೇಕು ಅಲ್ವಾ? ಆ ಪುಸ್ತಕದ ಪ್ರಾರ್ಥನೆ ಹೇಳುವಾಗ ಅವರ ಮನಸ್ಸಿನಲ್ಲಿ ಏನಿರುತ್ತದೆ, ಒಮ್ಮೆ ಕೂತು ಕೇಳಿ. ಏನೆಂದರೆಂದು ನಮಗೂ ಬರೆಯಿರಿ.

— ಸಂಪಾದಕ